ಕಂಪನಿ ಸ್ಟೀರಿಯೋಗೆ ಸಬ್‌ವೂಫರ್ ಸೇರಿಸಿದ್ದು, ಹಾಸನದಲ್ಲಿ

ನಮ್ಮ ಕಾರಲ್ಲಿ ಕಂಪನಿಯಿಂದಲೇ ಬಂದಿರೋ ಟಚ್ ಸ್ಕ್ರೀನ್ ಸ್ಟೀರಿಯೋ ಕೆಟ್ಟದ್ದೇನಲ್ಲ. ಹಾಡೋರ ದನಿ ಸ್ಪಷ್ಟವಾಗಿ ಕೇಳುತ್ತೆ, ರಿವರ್ಸ್ ಕ್ಯಾಮೆರಾ ಅದರಲ್ಲೇ ಬರುತ್ತೆ, ಸ್ಟೀರಿಂಗ್ ಮೇಲಿನ ಬಟನ್ನೂ ಅದಕ್ಕೇ ಕನೆಕ್ಟ್ ಆಗಿದೆ. ಆದ್ರೆ ಡೊಳ್ಳು, ತಮಟೆ, ಹಳೇ ಹಾಡುಗಳ ಬೇಸ್ ಗಿಟಾರ್ ಇವೆಲ್ಲ ಇದೆಯೋ ಇಲ್ವೋ ಅನ್ನೋ ಥರ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಚೀರಾಟ ಜಾಸ್ತಿ ಆಗುತ್ತೆ ಹೊರತು ಕೆಳಗಿನ ಸೌಂಡ್ ಬರಲ್ಲ. ಅದು ಸ್ಪೀಕರ್ ತಪ್ಪೂ ಅಲ್ಲ, ತೆಳ್ಳನೆ ತಗಡಿನ ಡೋರಲ್ಲಿ ಕೂತಿರೋ ಆರು ಇಂಚಿನ ಕೋನ್ 80 ಹರ್ಟ್ಸ್‌ಗಿಂತ (ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅನ್ನೋದು) ಕೆಳಗೆ ಎಷ್ಟು ಗಾಳಿ ತಳ್ಳೋಕಾಗುತ್ತೆ ಹೇಳಿ.

ಸುಮಾರು ಜನ ಮೊದಲು ಮಾಡೋದು ಕಂಪನಿ ಸ್ಟೀರಿಯೋ ಕಿತ್ತು ಆಂಡ್ರಾಯ್ಡ್ ಸೆಟ್ ಹಾಕ್ಸೋದು. ನನಗದು ಬೇಡವಾಗಿತ್ತು. ವಾರಂಟಿ ಇನ್ನೂ ಇತ್ತು, ಸ್ಟೀರಿಂಗ್ ಬಟನ್ ಕೆಲಸ ಮಾಡ್ಬೇಕು, ಡ್ಯಾಶ್‌ಬೋರ್ಡ್ ಬಿಚ್ಚಿದ್ಮೇಲೆ ಕಿಟಕಿಟ ಅನ್ನೋ ಸೌಂಡ್ ಶುರುವಾಗೋದು ನಮ್ಮ ಫ್ರೆಂಡ್ಸ್ ಗಾಡೀಲೇ ನೋಡಿದೀನಿ. ಹಾಗಾಗಿ ಸ್ಟೀರಿಯೋ ಇದ್ದಂಗೇ ಇರ್ಲಿ, ಅದರ ಸ್ಪೀಕರ್ ವೈರಿಂದ ಸಿಗ್ನಲ್ ತಗೊಂಡು ಡಿಕ್ಕೀಲಿ ಒಂದು ಆಂಪ್ಲಿಫೈಯರ್ (ಸಿಗ್ನಲ್‌ಗೆ ಪವರ್ ತುಂಬೋ ಡಬ್ಬ, ಮುಂದೆ ಆಂಪ್ ಅಂತೀನಿ), ಒಂದು ಸಬ್‌ವೂಫರ್ (ಕೆಳಗಿನ ಸೌಂಡಿಗೇ ಅಂತ ಇರೋ ದೊಡ್ಡ ಸ್ಪೀಕರ್, ಮುಂದೆ ಸಬ್ ಅಂತೀನಿ) ಹಾಕೋಣ ಅಂತ ಡಿಸೈಡ್ ಮಾಡ್ದೆ. ಈ ಥರ ಹಾಕಿಸ್ಬೇಕು ಅನ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ ಎಲ್ಲಾ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಬಿ.ಎಂ. ರೋಡಲ್ಲಿ ಒಂದು ಆಕ್ಸೆಸರೀಸ್ ಅಂಗಡಿಗೆ ಹೋದೆ. ಅಂಗಡಿ ಹುಡುಗ ಒಂದು ಆಂಪ್ ತೆಗ್ದು ಮುಂದಿಟ್ಟ. ಕ್ರೋಮ್ ಬಾಡಿ, ನೀಲಿ ಲೈಟು, ಮೇಲೆ ದಪ್ಪಕ್ಷರದಲ್ಲಿ 3000 ವಾಟ್ಸ್. "ಸಾರ್ ಇದ್ ಹಾಕ್ಸಿ, ಕನ್ನಡಿ ಎಲ್ಲಾ ಅದುರ್ಬೇಕು ಹಂಗ್ ಬರುತ್ತೆ" ಅಂದ. ನಾನು ತಿರುಗ್ಸಿ ಸೈಡಲ್ಲಿ ಫ್ಯೂಸ್ ನೋಡ್ದೆ, 15 ಆಂಪಿಯರ್‌ದು ಎರಡು. ಅಂದ್ರೆ ಒಟ್ಟು 30 ಆಂಪಿಯರ್. ಇಂಜಿನ್ ಆನ್ ಇದ್ದಾಗ ಗಾಡೀಲಿರೋದು ಸುಮಾರು 14 ವೋಲ್ಟು. 30 ಇಂಟು 14, 420 ವಾಟು. ಅದು ಒಳಗೆ ಹೋಗೋ ಕರೆಂಟು, ಹೊರಗೆ ಬರೋದಲ್ಲ, ಹಳೇ ಥರದ ಆಂಪ್ ಆದ್ರೆ ಹತ್ತಿರ ಹತ್ತಿರ ಅರ್ಧ ಬಿಸಿಯಾಗೇ ಹೋಗುತ್ತೆ. ಹಂಗಿದ್ರೆ ಮಿಕ್ಕ ಎರಡೂವರೆ ಸಾವಿರ ವಾಟ್ ಎಲ್ಲಿಂದ ಬರುತ್ತಪ್ಪ ಅಂದ್ರೆ "ಪೀಕ್ ಸಾರ್, ಪೀಕ್" ಅಂತಾನೆ. ಆಯ್ತಪ್ಪ ಅಂತ ಎದ್ದು ಬಂದೆ. ಪೀಕ್ ಅಂದ್ರೆ ಒಂದು ಕ್ಷಣಕ್ಕೆ ಬರೋದು, ನೋಡಬೇಕಾಗಿದ್ದು ಆರ್‌ಎಂಎಸ್ ವಾಟ್ ಒಂದೇ, ಅಂದ್ರೆ ನಿಲ್ಲದೇ ಕೊಡ್ತಾ ಇರೋ ಪವರ್, ಅದನ್ನ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ, ಅದೂ ಕಾಣಿಸಿಲ್ಲ ಅಂದ್ರೆ ಫ್ಯೂಸ್ ನೋಡಿ, ಫ್ಯೂಸ್ ಸುಳ್ಳು ಹೇಳಲ್ಲ.

ಕೊನೆಗೆ ನಾನು ತಗೊಂಡಿದ್ದು 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ) ಸ್ಪೀಕರ್‌ಗೆ 200 ವಾಟ್ ಆರ್‌ಎಂಎಸ್ ಕೊಡೋ ಕ್ಲಾಸ್ ಡಿ ಮೋನೋ, ಅಂದ್ರೆ ಒಂದೇ ಚಾನೆಲ್ ಇರೋ ಆಂಪು, ಜೊತೆಗೆ 10 ಇಂಚಿನ 4 ಓಮ್ ಸಬ್. ಕ್ಲಾಸ್ ಡಿ ಆಗಿದ್ರೆ ಬಿಸಿ ಕಮ್ಮಿ, ಸೈಜೂ ಚಿಕ್ಕದು. ಮುಖ್ಯವಾಗಿ ನೋಡಿದ್ದು ಹೈ ಲೆವೆಲ್ ಇನ್‌ಪುಟ್ ಇದೆಯಾ ಅಂತ, ಅಂದ್ರೆ ಸ್ಪೀಕರ್‌ಗೆ ಹೋಗೋ ವೈರನ್ನೇ ಸೀದಾ ಆಂಪ್‌ಗೆ ಕೊಡಬಹುದಾ ಅಂತ. ಆಂಪ್‌ಗೆ ಸಿಗ್ನಲ್ ಕೊಡೋಕಂತಲೇ ಇರೋ ಆರ್‌ಸಿಎ ಔಟ್‌ಪುಟ್ ಸಾಕೆಟ್ ಕಂಪನಿ ಸ್ಟೀರಿಯೋಗಳ ಹಿಂಭಾಗದಲ್ಲಿ ಇರೋದು ಅಪರೂಪ. ಆಂಪಲ್ಲಿ ಹೈ ಲೆವೆಲ್ ಇಲ್ಲ ಅಂದ್ರೆ ಮಧ್ಯೆ ಲೈನ್ ಔಟ್‌ಪುಟ್ ಕನ್ವರ್ಟರ್ ಅಂತ ಒಂದು ಡಬ್ಬಿ ಹಾಕ್ಬೇಕು, ಎಲ್ಲರೂ ಎಲ್‌ಓಸಿ ಅಂತಾರೆ, ಅದು ಇನ್ನೊಂದು ಖರ್ಚು, ಕಳಪೆದು ಹಾಕಿದ್ರೆ ಕೊಯ್ಯ್ ಅನ್ನೋ ಸೌಂಡ್ ಬೇರೆ.

ಸೀಟ್ ಕೆಳಗೆ ಕೂರೋ ಎಂಟು ಇಂಚಿನ ಸಬ್ ಬರುತ್ತಲ್ಲ, ಆಂಪ್ ಒಳಗೇ ಇರೋದು, ಅದನ್ನೂ ಕೇಳಿ ನೋಡ್ದೆ. ಡಿಕ್ಕಿ ಜಾಗ ಬೇಕೇ ಬೇಕು ಅನ್ನೋರಿಗೆ ಅದು ಸರಿ, ಆದ್ರೆ ತೀರಾ ಕೆಳಗಿನ ನೋಟ್‌ಗಳು ಅದರಲ್ಲಿ ಬರಲಿಲ್ಲ, ನಂಗೆ ಬೇಕಾಗಿದ್ದೇ ಅದು.

ಬಾಕ್ಸ್ ವಿಷಯ. ಸಬ್ ಕೂರಿಸೋ ರೆಡಿ ಬಾಕ್ಸ್ ಎಲ್ಲಾ ಎಂಡಿಎಫ್‌ದು, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಮೇಲೆ ಕಾರ್ಪೆಟ್ ಅಂಟಿಸಿರ್ತಾರೆ. ಎಂಡಿಎಫ್ ಸೌಂಡ್‌ಗೆ ಒಳ್ಳೇದೇ, ಬೆಂಗಳೂರಲ್ಲಿ ಎಷ್ಟು ವರ್ಷ ಬೇಕಾದ್ರೂ ಇರುತ್ತೆ. ನಮ್ಮದು ಹಾಗಲ್ಲ, ಊರು ಸಕಲೇಶಪುರ ಕಡೆ, ಮಳೆಗಾಲದಲ್ಲಿ ವಾರಕ್ಕೊಂದ್ಸಲ ಆದ್ರೂ ಹೋಗ್ಬೇಕು, ಒದ್ದೆ ಛತ್ರಿ, ಒದ್ದೆ ಚಪ್ಪಲಿ, ಗೊಬ್ಬರದ ಚೀಲ ಎಲ್ಲಾ ಡಿಕ್ಕೀಲೇ. ಎಂಡಿಎಫ್ ಒಂದ್ಸಲ ನೀರು ಕುಡೀತು ಅಂದ್ರೆ ಅಂಚು ಉಬ್ಬುತ್ತೆ, ಸ್ಕ್ರೂ ಹಿಡಿಯಲ್ಲ, ಮುಗೀತು. ಹಾಗಾಗಿ ಸಂತೆಪೇಟೆ ಕಡೆ ಒಬ್ರು ಕಾರ್ಪೆಂಟರ್ ಹತ್ರ 18 ಎಂಎಂ ಪ್ಲೈವುಡ್ಡಲ್ಲೇ ಮಾಡಿಸ್ದೆ, 710 ಗ್ರೇಡ್ದು, ಮರೈನ್ ಪ್ಲೈ ಅಂತಾರಲ್ಲ ಅದು. ಅವರು ನಗ್ತಾ "ಏನ್ ಸಾರ್, ಸ್ಪೀಕರ್ ಡಬ್ಬನ ಹೊಳೇಲಿ ಬಿಡ್ತೀರಾ" ಅಂದ್ರು. ಶಿರಾಡಿ ಘಾಟಿ ಮಳೆ ಅಂದ್ರೆ ಹೆಚ್ಚೂಕಮ್ಮಿ ಹಂಗೇ ಅಲ್ವಾ ಅಂದೆ.

ಅಳತೆ ಸಬ್ ಜೊತೆ ಬಂದ ಪೇಪರಲ್ಲೇ ಇತ್ತು, ಸೀಲ್ಡ್, ಅಂದ್ರೆ ಪೂರ್ತಿ ಮುಚ್ಚಿದ ಬಾಕ್ಸ್‌ಗೆ ಸುಮಾರು 0.7 ಕ್ಯೂಬಿಕ್ ಅಡಿ, ಅಂದ್ರೆ 20 ಲೀಟರ್ ಹತ್ತಿರ. ಒಳ ಅಳತೆ 13 ಇಂಚು ಅಗಲ, ಹನ್ನೆರಡೂವರೆ ಎತ್ತರ, ಏಳೂವರೆ ಆಳ ಇಟ್ರೆ ಲೆಕ್ಕ ಸರಿಯಾಗಿ ಕೂರುತ್ತೆ. ಪೋರ್ಟ್, ಅಂದ್ರೆ ಗಾಳಿ ಆಡೋ ಕೊಳವೆ ಇರೋ ಬಾಕ್ಸ್ ಮಾಡಿದ್ರೆ ಅದೇ ವಾಟಿಗೆ ಸೌಂಡ್ ಜಾಸ್ತಿ ಬರುತ್ತೆ, ಆದ್ರೆ ಬಾಕ್ಸ್ ದೊಡ್ಡದಾಗುತ್ತೆ, ಪೋರ್ಟ್ ಲೆಕ್ಕ ಸ್ವಲ್ಪ ಆಚೀಚೆ ಆದ್ರೆ ಎಲ್ಲಾ ಹಾಡೂ ಒಂದೇ ಗುಂಯ್ಯ್ ಅನ್ನುತ್ತೆ. ಸೀಲ್ಡ್ ಆದ್ರೆ ಏಟು ಬಿದ್ದ ತಕ್ಷಣ ನಿಲ್ಲುತ್ತೆ, ಡೊಳ್ಳಿಗೆ ಅದೇ ಸರಿ. ಜಾಯಿಂಟ್‌ಗಳಿಗೆ ಫೆವಿಕಾಲ್ ಜೊತೆ ಸ್ಕ್ರೂ, ಒಳಗಡೆ ಮೂಲೆ ಮೂಲೆಗೂ ಸಿಲಿಕಾನ್. ಆ ಸಿಲಿಕಾನ್ ಹುಳಿ ವಾಸನೆ ಹೊಡೀತಿರುತ್ತಲ್ಲ, ಆ ವಾಸನೆ ಪೂರ್ತಿ ಹೋಗೋವರೆಗೂ ಸ್ಪೀಕರ್ ಕೂರಿಸ್ಬೇಡಿ, ಆ ಆಸಿಡ್ ಆವಿ ಮುಚ್ಚಿದ ಡಬ್ಬದೊಳಗೆ ಸೇರ್ಕೊಂಡ್ರೆ ಸ್ಪೀಕರ್ ವೈರು, ಟರ್ಮಿನಲ್ಲಿಗೆ ಒಳ್ಳೇದಲ್ಲ. ಕೂರಿಸಿದ್ಮೇಲೆ ಗಾಳಿ ಲೀಕ್ ಇದೆಯಾ ನೋಡೋದು ಸುಲಭ, ಕೋನನ್ನ ನಾಲ್ಕು ಬೆರಳಲ್ಲಿ ಸಮವಾಗಿ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದ್ರೆ ಬಾಕ್ಸ್ ಟೈಟ್ ಇದೆ, ಪಟ್ ಅಂತ ಬಂದ್ರೆ ಎಲ್ಲೋ ಲೀಕ್ ಇದೆ.

ಇನ್ನು ವೈರು. ನನ್ನ ಕೇಳಿದ್ರೆ ದುಡ್ಡು ಹಾಕ್ಬೇಕಾಗಿರೋದೇ ಇಲ್ಲಿ, ಜನ ಉಳಿಸೋಕೆ ನೋಡೋದೂ ಇಲ್ಲೇ. ಅಂಗಡಿಗಳಲ್ಲಿ ಏಳ್ನೂರು ಎಂಟ್ನೂರಕ್ಕೆ ಸಿಗೋ ವೈರಿಂಗ್ ಕಿಟ್ ಇದ್ಯಲ್ಲ, ಕೆಂಪಗೆ ದಪ್ಪಗೆ ಚೆನ್ನಾಗ್ ಕಾಣುತ್ತೆ, ಆದ್ರೆ ಸಿಪ್ಪೆ ಸುಲಿದು ಎಳೆ ತಗೊಂಡು ಬ್ಲೇಡಲ್ಲಿ ಕೆರೆದು ನೋಡಿ, ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಸಿಸಿಎ ಅಂತಾರೆ ಇದಕ್ಕೆ. ತಾಮ್ರಕ್ಕೆ ಹೋಲಿಸಿದ್ರೆ ಮೂರರಲ್ಲಿ ಎರಡು ಭಾಗದಷ್ಟೂ ಕರೆಂಟ್ ಸಾಗಿಸಲ್ಲ, ಅದೂ ಅಲ್ದೇ ನಮ್ಮ ಕಡೆ ತೇವಕ್ಕೆ ಟರ್ಮಿನಲ್ ಹತ್ರ ಪುಡಿಪುಡಿ ಆಗುತ್ತೆ. ಜೊತೆಗೆ ಆ ದಪ್ಪ ಎಲ್ಲಾ ಪ್ಲಾಸ್ಟಿಕ್ಕೇ, ಒಳಗೆ ತಂತಿ ಇರೋದು ಪೆನ್ ರೀಫಿಲ್‌ನಷ್ಟು. ನಾನು ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಲ್ಲಿ ಪೂರ್ತಿ ತಾಮ್ರದ 8 ಗೇಜ್ ವೈರ್ ಮೀಟರ್ ಲೆಕ್ಕದಲ್ಲಿ ತಗೊಂಡು ಬಂದೆ, ಅಂಗಡೀಲೇ ಕೆರೆದು ನೋಡಿದ್ದಕ್ಕೆ ಅವನು ಒಂಥರಾ ನೋಡ್ದ, ನೋಡ್ಲಿ ಬಿಡಿ. 200 ವಾಟಿನ ಕ್ಲಾಸ್ ಡಿ ಆಂಪು ಫುಲ್ ಎಳೆದ್ರೂ 20 ಆಂಪಿಯರ್ ದಾಟಲ್ಲ, ಅದಕ್ಕೆ 8 ಗೇಜ್ ತಾಮ್ರ ಧಾರಾಳ ಸಾಕು. ಫ್ಯೂಸ್ ಹೋಲ್ಡರ್, ರಿಂಗ್ ಟರ್ಮಿನಲ್, ಮೇಲೆ ಹಾಕೋ ಕಪ್ಪು ಸ್ಲೀವ್ ಎಲ್ಲಾ ಅಲ್ಲೇ ಸಿಕ್ತು.

ಕೂರಿಸೋಕೆ ನಮ್ಮ ಗಾಡಿಗಳನ್ನ ಯಾವಾಗ್ಲೂ ನೋಡೋ ಆಟೋ ಎಲೆಕ್ಟ್ರಿಷಿಯನ್ ಅಣ್ಣನ್ನ ಮನೆ ಹತ್ರಾನೇ ಕರೆಸ್ಕೊಂಡೆ. ಅವರು ಸ್ಟಾರ್ಟರ್, ಆಲ್ಟರ್ನೇಟರ್ ಕೆಲಸದಲ್ಲಿ ಎಕ್ಸ್‌ಪರ್ಟು, ಕೈ ತುಂಬಾ ಕ್ಲೀನು. ಜೊತೆಗೆ ನಮ್ಮ ಭಾಮೈದ, ಇಂಜಿನಿಯರಿಂಗ್ ಓದ್ತಿದಾನೆ, ಮಲ್ಟಿಮೀಟರ್ ಅವನದ್ದೇ.

ಮೊದಲು ಬ್ಯಾಟರಿ ಮೈನಸ್ ಬಿಚ್ಚಿಟ್ವಿ. ಪ್ಲಸ್ಸಿಂದ ಹೊರಟ ವೈರಿಗೆ ಒಂದು ಗೇಣೂ ಹೋಗದಷ್ಟರಲ್ಲೇ 50 ಆಂಪಿಯರ್ ಫ್ಯೂಸ್. ಇದನ್ನ ಡಿಕ್ಕಿ ಹತ್ರ ಹಾಕ್ತಾರೆ ಕೆಲವರು, ಅದರಿಂದ ಪ್ರಯೋಜನ ಇಲ್ಲ. ಆಂಪನ್ನ ಕಾಪಾಡೋಕೆ ಆಂಪಲ್ಲೇ ಫ್ಯೂಸ್ ಇದೆ, ಬ್ಯಾಟರಿ ಹತ್ರ ಹಾಕೋದು ವೈರನ್ನ ಕಾಪಾಡೋಕೆ. ಮಧ್ಯದಲ್ಲೆಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹೋಗಿ ಬಾಡಿಗೆ ತಾಗಿದ್ರೆ ಬ್ಯಾಟರಿ ಪೂರ್ತಿ ಕರೆಂಟ್ ಆ ವೈರಲ್ಲಿ ನುಗ್ಗುತ್ತೆ, ಗಾಡಿಗೆ ಬೆಂಕಿ ಹತ್ತೋದು ಹಿಂಗೇನೇ. ಬ್ಯಾಟರಿಯಿಂದ 18 ಇಂಚಿನೊಳಗೆ ಫ್ಯೂಸ್ ಇರ್ಬೇಕು ಅಂತ ಎಲ್ಲಾ ಕಡೆ ಹೇಳೋದು ಇದಕ್ಕೇ, ಹತ್ತಿರ ಇದ್ದಷ್ಟೂ ಒಳ್ಳೇದು.

ಇಂಜಿನ್ ಕಡೆಯಿಂದ ಒಳಗೆ ತರೋಕೆ ಫೈರ್‌ವಾಲಲ್ಲಿ, ಅಂದ್ರೆ ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡಿನ ಗೋಡೇಲಿ, ಹೊಸ ತೂತು ಕೊರೀಲಿಲ್ಲ, ಕಂಪನಿ ವೈರಿಂಗ್ ಬರೋ ತೂತಿಗೆ ರಬ್ಬರ್ ಬಿರಡೆ, ಗ್ರಾಮೆಟ್, ಇರುತ್ತಲ್ಲ ಅದರ ಅಂಚಲ್ಲಿ ಸಣ್ಣ ಜಾಗ ಮಾಡ್ಕೊಂಡು, ಹಳೇ ಬೈಕಿನ ಕ್ಲಚ್ ಕೇಬಲ್ ತಂತಿ ತೂರಿಸಿ ಅದರ ತುದಿಗೆ ನಮ್ಮ ವೈರ್ ಟೇಪ್ ಸುತ್ತಿ ಸೋಪ್ ನೀರು ಸವರಿ ಎಳೆದ್ರು. ಅಣ್ಣ ಎರಡು ನಿಮಿಷದಲ್ಲಿ ಮುಗಿಸಿದ್ದು ನೋಡಿ ಭಾಮೈದ ಫೋಟೋ ತಗೊಂಡ. ಇಂಜಿನ್ ಜಾಗದಲ್ಲಿರೋ ಅಷ್ಟೂ ಉದ್ದಕ್ಕೆ ಸ್ಲೀವ್ ಹಾಕಿದ್ವಿ, ಒಂದು ಬಿಸಿಗೆ, ಇನ್ನೊಂದು ಇಲಿಗೆ. ಇಲಿ ಕಾಟ ನಮ್ಮಲ್ಲಿ ಯಾರ ಗಾಡಿಗೆ ಇಲ್ಲ ಹೇಳಿ. ರಾಮನಾಥಪುರದ ಕಡೆ ಇರೋ ಮಾವ ಒಬ್ರು ಹೊಗೆಸೊಪ್ಪು ಬೆಳೀತಾರೆ, ಒಂದು ಕಟ್ಟು ಕಳಿಸಿ ಬಾನೆಟ್ ಒಳಗೆ ಕಟ್ಟು ಅಂದಿದ್ರು, ಕಟ್ಟಿದೀನಿ, ಇಲಿ ಓಡ್ತೋ ಇಲ್ವೋ ಗಾಡಿ ಒಳಗೆ ಎಸಿ ಹಾಕಿದ್ರೆ ಮಾತ್ರ ಬೀಡಿ ಕಂಪನಿ ವಾಸನೆ.

ಪವರ್ ವೈರ್ ಎಡಗಡೆ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಒಳಗೆ ಹೋಯ್ತು, ಸಿಗ್ನಲ್ ವೈರನ್ನ ಬಲಗಡೆಯಿಂದ ತಂದ್ವಿ. ಎರಡನ್ನೂ ಒಟ್ಟಿಗೆ ಕಟ್ಟಿ ತಂದ್ರೆ ಇಂಜಿನ್ ರೇಸ್ ಮಾಡಿದಂಗೆಲ್ಲ ಸ್ಪೀಕರಲ್ಲಿ ಕುಂಯ್ಯ್ ಅಂತ ಏರಿ ಇಳಿಯೋ ಸೌಂಡ್ ಬರೋ ಚಾನ್ಸ್ ಇರುತ್ತೆ.

ಗ್ರೌಂಡ್, ಅಂದ್ರೆ ಆಂಪ್‌ನ ಮೈನಸ್ ವೈರನ್ನ ಗಾಡಿ ಬಾಡಿಗೆ ಎಲ್ಲಿ ಕೊಡೋದು ಅನ್ನೋದೇ ದೊಡ್ಡ ಮಾತಾಯ್ತು. ಡಿಕ್ಕೀಲಿ ಕೈಗೆ ಮೊದಲು ಸಿಗೋದು ಸೀಟ್ ಬೆಲ್ಟ್ ಬೋಲ್ಟು, ಅದನ್ನ ಮುಟ್ಟೋದೇ ಬೇಡ ಅಂದೆ, ಜೀವ ಹಿಡಿಯೋ ಬೋಲ್ಟದು, ಅದರ ಟೈಟು ಅದರ ಪಾಡಿಗಿರ್ಲಿ. ಜ್ಯಾಕ್ ಇಡೋ ಜಾಗದ ಹತ್ರ ಬಾಡಿ ತಗಡಿಗೇ ಇರೋ ಒಂದು ಬೋಲ್ಟ್ ಸಿಕ್ತು. ಸುತ್ತ ಒಂದು ರೂಪಾಯಿ ನಾಣ್ಯದಷ್ಟಗಲ ಪೇಂಟನ್ನ ಸ್ಯಾಂಡ್ ಪೇಪರಲ್ಲಿ ಪಳಪಳ ಅನ್ನೋವರೆಗೆ ಉಜ್ಜಿ, ಹಲ್ಲಿರೋ ಸ್ಟಾರ್ ವಾಷರ್ ಹಾಕಿ ಟೈಟ್ ಮಾಡಿ, ಮೇಲೆ ಗ್ರೀಸ್ ಮೆತ್ತಿದ್ವಿ, ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ತುಕ್ಕು. ಗ್ರೌಂಡ್ ವೈರೂ ಪವರ್ ವೈರಿನಷ್ಟೇ ದಪ್ಪ ಇರ್ಬೇಕು, ಎರಡಡಿ ಒಳಗಿದ್ರೆ ಚೆಂದ. ಸರಿ ಇದೆಯಾ ಅಂತ ಆಮೇಲೆ ಚೆಕ್ ಮಾಡೋ ಉಪಾಯ ಇದೆ, ಸೌಂಡ್ ಜೋರಾಗಿಟ್ಟು ಮೀಟರಿನ ಒಂದು ಕಡ್ಡಿ ಆಂಪ್ ಗ್ರೌಂಡ್‌ಗೆ, ಇನ್ನೊಂದು ಉದ್ದ ವೈರ್ ಕಟ್ಟಿ ಬ್ಯಾಟರಿ ಮೈನಸ್‌ಗೆ. ಡಿಸಿ ವೋಲ್ಟ್ ಸೊನ್ನೆ ಹತ್ರ ಇದ್ದಷ್ಟೂ ಒಳ್ಳೇದು, ನಮ್ಮದು 0.06 ತೋರಿಸ್ತು.

ಸಿಗ್ನಲ್ ತಗೊಳ್ಳೋವಾಗ ಅಣ್ಣಂಗೂ ನಂಗೂ ಸ್ವಲ್ಪ ಚರ್ಚೆ ಆಯ್ತು. ಹಿಂದಿನ ಡೋರ್ ಸ್ಪೀಕರ್‌ಗಳ ನಾಲ್ಕು ವೈರು, ಎಡಕ್ಕೆ ಪ್ಲಸ್ ಮೈನಸ್, ಬಲಕ್ಕೆ ಪ್ಲಸ್ ಮೈನಸ್. ಅವರು "ಸಾರ್, ಮೈನಸ್ ಎಲ್ಲಿದ್ರೂ ಮೈನಸ್ಸೇ ಅಲ್ವಾ, ಬಾಡಿಗೆ ಕೊಟ್ಬಿಟ್ರೆ ಎರಡು ವೈರ್ ಉಳೀತು" ಅಂದ್ರು. ತುಂಬಾ ಹಳೇ ಟೇಪ್ ರೆಕಾರ್ಡರ್‌ಗಳಲ್ಲಿ ಹಂಗೆ ನಡೀತಿತ್ತು ಕೂಡ. ನಾನು "ತಡೀರಿ ಅಣ್ಣ, ಒಂದ್ನಿಮಿಷ" ಅಂತ ಬ್ಯಾಟರಿ ಹಾಕ್ಸಿ ಸ್ಟೀರಿಯೋ ಆನ್ ಮಾಡಿ, ಸ್ಪೀಕರ್ ಮೈನಸ್‌ಗೂ ಬಾಡಿಗೂ ಮಧ್ಯೆ ಮೀಟರ್ ಇಡ್ಸಿದೆ. 6 ವೋಲ್ಟ್ ಚಿಲ್ಲರೆ ಬಂತು. ಪ್ಲಸ್‌ಗೆ ಇಟ್ರೂ ಅಷ್ಟೇ. ಅವರು ಮೀಟರ್‌ನ ಎರಡೆರಡು ಸಲ ನೋಡಿದ್ರು. ಈಗಿನ ಸ್ಟೀರಿಯೋ ಒಳಗೆ ಪ್ರತಿ ಸ್ಪೀಕರ್‌ಗೂ ಎರಡು ಕಡೆಯಿಂದ ಆಂಪ್ ತಳ್ಳುತ್ತೆ, ಎರಡೂ ವೈರು ಬ್ಯಾಟರಿಯ ಅರ್ಧ ವೋಲ್ಟೇಜಲ್ಲಿ ನಿಂತಿರುತ್ತೆ, ಎರಡರಲ್ಲೂ ಇರೋದ್ರಿಂದ ಸ್ಪೀಕರ್‌ಗೆ ವ್ಯತ್ಯಾಸ ಗೊತ್ತಾಗಲ್ಲ. ಅದನ್ನ ಬಾಡಿಗೆ ಮುಟ್ಸಿದ್ರೆ ಸ್ಟೀರಿಯೋ ಒಳಗಿನ ಆಂಪ್ ಚಿಪ್ಪು (ಐಸಿ) ಹೋದಂಗೇ ಲೆಕ್ಕ. "ಅಬ್ಬಾ, ಸದ್ಯ" ಅಂದ್ರು ಅಷ್ಟೇ, ಆಮೇಲೆ ನಾಲ್ಕು ವೈರೂ ನೀಟಾಗಿ ಬಂತು.

ಕಂಪನಿ ವೈರನ್ನ ಎಲ್ಲೂ ಕಟ್ ಮಾಡಿಲ್ಲ. ಡೋರ್ ಸ್ಪೀಕರ್ ಹಿಂದಿನ ಕಪ್ಲರ್‌ಗೆ ಸರಿಯಾಗೋ ಗಂಡು ಹೆಣ್ಣು ಜೋಡಿ ಕಪ್ಲರ್ ಸಿಗುತ್ತೆ, ಮಧ್ಯೆ ಅದನ್ನ ಸೇರಿಸಿ ಅಲ್ಲಿಂದ ಕವಲು ತಗೊಂಡ್ವಿ. ನಾಳೆ ವಾರಂಟಿಗೆ ಹೋಗ್ಬೇಕು ಅಂದ್ರೆ ಎರಡು ಕಪ್ಲರ್ ಕಿತ್ರೆ ಗಾಡಿ ಮೊದಲಿನ ಥರ. ಯಾವ ವೈರ್ ಪ್ಲಸ್ ಅಂತ ಕಂಡುಹಿಡಿಯೋಕೆ ಬಣ್ಣ ನಂಬ್ಕೋಬೇಡಿ, ಸ್ಪೀಕರ್ ಕಪ್ಲರ್ ಬಿಚ್ಚಿ ಗೋಡೆ ಗಡಿಯಾರದ ಸಣ್ಣ ಸೆಲ್ ಒಂದನ್ನ ಸ್ಪೀಕರ್ ಟರ್ಮಿನಲ್‌ಗೆ ಒಂದು ಕ್ಷಣ ಮುಟ್ಸಿ, ಕೋನ್ ಹೊರಗೆ ಬಂದ್ರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡೆಯೇ ಸ್ಪೀಕರ್ ಪ್ಲಸ್, ಒಳಗೆ ಹೋದ್ರೆ ಉಲ್ಟಾ. ಸ್ಟೀರಿಯೋಗೆ ಕನೆಕ್ಟ್ ಇರೋವಾಗ ಈ ಪ್ರಯೋಗ ಬೇಡ.

ಆಂಪ್ ತಾನೇ ಆನ್ ಆಗುತ್ತೆ ಅಂತ ಬಾಕ್ಸ್ ಮೇಲೆ ಬರೆದಿತ್ತು. ಅದು ನೋಡೋದು ಆ 6 ವೋಲ್ಟನ್ನೇ, ವೈರಲ್ಲಿ ಅದು ಕಾಣ್ತು ಅಂದ್ರೆ ಸ್ಟೀರಿಯೋ ಆನ್ ಆಗಿದೆ ಅಂತ ತಿಳ್ಕೊಂಡು ಎದ್ದೇಳುತ್ತೆ. ಐಡಿಯಾ ಚೆನ್ನಾಗಿದೆ, ಆದ್ರೆ ನಮ್ಮ ಸ್ಟೀರಿಯೋ ಕೀ ತೆಗೆದ್ಮೇಲೂ ಡೋರ್ ತೆಗೆದು ಹಾಕೋವರೆಗೆ ಎಚ್ಚರ ಇರುತ್ತೆ, ಮನೇವ್ರು ಅಂಗಡಿಗೆ ಹೋದ್ರು ಅಂದ್ರೆ ನಾನು ಗಾಡೀಲೇ ಕೂತು ಫೋನ್ ನೋಡೋ ಅರ್ಧ ಗಂಟೇನೂ ಆಂಪ್ ಲೈಟ್ ಉರೀತಿರುತ್ತೆ. ಸಣ್ಣ ಬ್ಯಾಟರಿ ಗಾಡಿಗೆ ಇದು ಬೇಡ ಅನ್ನಿಸ್ತು. ಅದಕ್ಕೆ ಮೊಬೈಲ್ ಚಾರ್ಜರ್ ಹಾಕೋ ಸಾಕೆಟ್ಟಿನ ಫ್ಯೂಸ್ ಜಾಗದಲ್ಲಿ ಡಬಲ್ ಫ್ಯೂಸ್ ಹೋಲ್ಡರ್ ಚುಚ್ಚಿ ಅಲ್ಲಿಂದ ಸಣ್ಣ ರಿಮೋಟ್ ವೈರ್, ಅಂದ್ರೆ ಆಂಪನ್ನ ಆನ್ ಆಫ್ ಮಾಡೋ ವೈರ್ ಎಳೆದ್ವಿ. ಕೀ ಆಫ್, ಆಂಪ್ ಆಫ್.

ಸಾಯಂಕಾಲದ ಹೊತ್ತಿಗೆ ಎಲ್ಲಾ ಕೂತು, ಆನ್ ಮಾಡಿದ ತಕ್ಷಣ ಡಂ ಡಂ ಬಂತು. ಅಣ್ಣ ಖುಷಿಯಾಗಿ ಗೇನ್ ನಾಬ್‌ನ ಮುಕ್ಕಾಲಿಗೆ ತಿರುಗ್ಸಿ, ಬೇಸ್ ಬೂಸ್ಟೂ ಏರ್ಸಿ "ಸೂಪರ್ ಸಾರ್" ಅಂದು ದುಡ್ಡು ತಗೊಂಡು ಹೋದ್ರು. ಸೂಪರ್ ಏನೂ ಇರಲಿಲ್ಲ. ಎಲ್ಲಾ ಹಾಡಲ್ಲೂ ಒಂದೇ ನೋಟ್ ಗುದ್ದಾಟ. ನಿಜವಾದ ಕೆಲಸ ಶುರುವಾಗಿದ್ದೇ ಅವರು ಹೋದ್ಮೇಲೆ, ನಾನೂ ಭಾಮೈದನೂ ಕೂತ್ಕೊಂಡು.

ಗೇನ್ ಅನ್ನೋದು ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡೋ ಅತಿ ಜಾಸ್ತಿ ಸಿಗ್ನಲ್ ಎಷ್ಟೋ ಅಷ್ಟಕ್ಕೆ ಆಂಪ್ ತನ್ನ ಫುಲ್ ಪವರ್ ತಲುಪ್ಬೇಕು, ಅದರ ಮೇಲೆ ಹೋಗ್ಬಾರ್ದು, ಹೋದ್ರೆ ಅಲೆಯ ತಲೆ ಕಟ್ ಆಗಿ ಚಪ್ಪಟೆ ಆಗುತ್ತೆ, ಸಬ್ ಒಳಗಿನ ಕಾಯಿಲ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತೆ. ಕಮ್ಮಿ ವಾಟಿನ ಆಂಪಿಂದ ದೊಡ್ಡ ಸಬ್ ಸುಡೋದು ಹೀಗೇ. ಲೆಕ್ಕ ಸುಲಭ, ವಾಟ್ ಇಂಟು ಓಮ್, ಅದರ ವರ್ಗಮೂಲ. 200 ಇಂಟು 4, 800, ವರ್ಗಮೂಲ 28.3. ಅಂದ್ರೆ ಆಂಪ್ ಔಟ್‌ಪುಟ್ಟಲ್ಲಿ ಎಸಿ 28 ವೋಲ್ಟ್ ಬರೋ ಕಡೆ ಗೇನ್ ನಿಲ್ಲಿಸ್ಬೇಕು. ಸಬ್ ವೈರ್ ಬಿಚ್ಚಿ, ಸ್ಟೀರಿಯೋ ಈಕ್ವಲೈಜರ್ ಪೂರ್ತಿ ಫ್ಲಾಟ್ ಇಟ್ಟು, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಪೆನ್‌ಡ್ರೈವಲ್ಲಿ 50 ಹರ್ಟ್ಸ್ ಟೋನ್ ಹಾಕಿ ಅಳೆಯೋದು. 50 ಹರ್ಟ್ಸ್ ಅಂದ್ರೆ ನಮ್ಮ ಮನೆ ಕರೆಂಟಿನ ಫ್ರೀಕ್ವೆನ್ಸಿನೇ, ಹಾಗಾಗಿ ಇನ್ನೂರು ರೂಪಾಯಿ ಮೀಟರ್ ಕೂಡ ಸರಿಯಾಗೇ ತೋರಿಸುತ್ತೆ.

ಅಷ್ಟರಲ್ಲಿ ಭಾಮೈದ ಒಂದು ವಿಚಿತ್ರ ಕಂಡುಹಿಡಿದ. ಆಂಪ್ ಬಿಟ್ಟು ಸ್ಟೀರಿಯೋ ಸ್ಪೀಕರ್ ವೈರಲ್ಲೇ ಅಳೀತಿದ್ದ. "ಭಾವ, ವಾಲ್ಯೂಮ್ ಏರಿಸ್ತಾ ಹೋಗಿ, ಬೇಸ್ ಏರ್ತಾನೇ ಇಲ್ಲ ನೋಡಿ" ಅಂದ. ನಮ್ಮ ಸ್ಟೀರಿಯೋ ವಾಲ್ಯೂಮ್ 40ರವರೆಗೆ ಇದೆ. 20ರಲ್ಲಿ 50 ಹರ್ಟ್ಸ್ ಟೋನಿಗೂ 200 ಹರ್ಟ್ಸ್ ಟೋನಿಗೂ ಹೆಚ್ಚೂಕಮ್ಮಿ ಒಂದೇ ವೋಲ್ಟ್, 2.8 ಹತ್ರ. 30ಕ್ಕೆ ಹೋದ್ರೆ 200 ಹರ್ಟ್ಸ್‌ದು 6.5 ವೋಲ್ಟ್, 50 ಹರ್ಟ್ಸ್‌ದು 4ಕ್ಕೇ ನಿಂತಿದೆ. (200ಕ್ಕಿಂತ ಮೇಲಿನ ಟೋನ್ ಯಾಕೆ ತಗೊಳ್ಳಲಿಲ್ಲ ಅಂದ್ರೆ, ಸಾಧಾರಣ ಮೀಟರ್‌ಗಳು 400 ಹರ್ಟ್ಸ್ ದಾಟಿದ್ರೆ ಏನೇನೋ ತೋರಿಸ್ತವೆ.) ಹಾಳಾಗಿರೋದಲ್ಲ ಅದು, ಕಂಪನಿಯವರು ಬೇಕಂತಲೇ ಇಟ್ಟಿರೋದು. ವಾಲ್ಯೂಮ್ ಜಾಸ್ತಿ ಮಾಡಿದಂಗೆಲ್ಲ ಬೇಸ್‌ನ ಒಳಗೊಳಗೇ ಕಮ್ಮಿ ಮಾಡುತ್ತೆ, ಆ ಬಡಪಾಯಿ ಡೋರ್ ಸ್ಪೀಕರ್ ಹರಿದು ವಾರಂಟಿಗೆ ಬರದೇ ಇರ್ಲಿ ಅಂತ. ಇಷ್ಟು ದಿನ ಈ ಸ್ಟೀರಿಯೋ ಜೋರಾಗಿಟ್ರೆ ಚೀರುತ್ತೆ ಅಂತ ಬೈಕೋತಿದ್ದಿದ್ದಕ್ಕೆ ಕಾರಣ ಮೀಟರಲ್ಲಿ ಕಣ್ಣ ಮುಂದೆ ನಿಂತಿತ್ತು.

ಇದನ್ನ ಸರಿ ಮಾಡೋಕೆ ಅಂತಲೇ ಪ್ರೊಸೆಸರ್‌ಗಳು ಬರ್ತವೆ, ಅದು ಬೇರೆ ಬಜೆಟ್ಟು. ನಾವು ಮಾಡಿದ್ದು ಇಷ್ಟೇ, 50 ಹರ್ಟ್ಸ್ ಅತಿ ಜಾಸ್ತಿ ಬರೋ ವಾಲ್ಯೂಮ್ ಯಾವುದು ಅಂತ ಹುಡುಕಿ, ನಮ್ಮದ್ರಲ್ಲಿ 30, ಅಲ್ಲಿ ಆಂಪ್ ಜೊತೆ ಬಂದ ಬೇಸ್ ನಾಬ್ ಪೂರ್ತಿ ಏರಿಸಿಟ್ಟು, 28 ವೋಲ್ಟ್ ಬರೋ ಹಾಗೆ ಗೇನ್ ಸೆಟ್ ಮಾಡಿದ್ವಿ. ಅಣ್ಣ ಮುಕ್ಕಾಲಿಗೆ ಇಟ್ಟು ಹೋಗಿದ್ದ ಗೇನು ಕಾಲು ಭಾಗಕ್ಕೆ ಇಳೀತು. ಬೇಸ್ ನಾಬ್ ಗೇರ್ ಪಕ್ಕ ಅಂಟಿಸಿದೀನಿ. ಊರೊಳಗೆ ಕಮ್ಮಿ ವಾಲ್ಯೂಮಲ್ಲಿ ನಾಬ್ ಅರ್ಧಕ್ಕೆ, ಹೈವೇಲಿ ವಾಲ್ಯೂಮ್ ಏರಿಸಿದಾಗ ನಾಬೂ ಫುಲ್. ಸ್ಟೀರಿಯೋ ಕಿತ್ಕೊಂಡಿದ್ದನ್ನ ಕೈಯಲ್ಲಿ ವಾಪಸ್ ಕೊಟ್ಟಂಗಾಯ್ತು.

ಆಮೇಲೆ ಲೋ ಪಾಸ್ ಫಿಲ್ಟರ್, ಅಂದ್ರೆ ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸೌಂಡ್ ಮಾತ್ರ ಸಬ್‌ಗೆ ಹೋಗ್ಬೇಕು ಅನ್ನೋದು. ಆಂಪ್ ಬಂದಾಗ 120 ಹರ್ಟ್ಸ್ ಹತ್ರ ಇತ್ತು. ಇದನ್ನ ಸೆಟ್ ಮಾಡೋಕೆ ನನಗೆ ಹಾಡಿಗಿಂತ ಉಪಯೋಗ ಆಗಿದ್ದು ಆಕಾಶವಾಣಿ ಹಾಸನ, 102.2. ವಾರ್ತೆ ಓದೋವಾಗ ಗಂಡಸಿನ ದನಿ ಬಂದ್ರೆ ಅದು ಡ್ಯಾಶ್‌ಬೋರ್ಡ್ ಕಡೆಯಿಂದಲೇ ಕೇಳ್ಬೇಕು. 120ರಲ್ಲಿ ವಾರ್ತೆ ಓದೋರು ಡಿಕ್ಕೀಲಿ ಕೂತು ಓದ್ತಿದಾರೆ ಅನ್ನಿಸ್ತಿತ್ತು. ಇಳಿಸ್ತಾ ಇಳಿಸ್ತಾ 80 ದಾಟಿ 75ಕ್ಕೆ ಬಂದಾಗ ಅವರು ಮುಂದೆ ಬಂದು ಕೂತ್ರು. ಅಲ್ಲೇ ಬಿಟ್ಟೆ.

ಫೇಸ್ ಸ್ವಿಚ್ ಅಂತ ಒಂದಿರುತ್ತೆ, 0 ಮತ್ತೆ 180. ಸಬ್ ಕೋನ್ ಮುಂದೆ ಬರೋ ಹೊತ್ತಿಗೆ ಡೋರ್ ಸ್ಪೀಕರ್ ಹಿಂದೆ ಹೋದ್ರೆ ಎರಡೂ ಸೇರಿ ಏನೂ ಆಗಲ್ಲ, ಇಬ್ಬರು ಎದುರುಬದುರು ಕೂತು ಒಂದೇ ಬೀಸೋಕಲ್ಲಿನ ಗೂಟ ಹಿಡಿದು ಇಬ್ಬರೂ ತಮ್ಮ ತಮ್ಮ ಕಡೆಗೇ ಎಳೆದಂಗೆ. ಡ್ರೈವರ್ ಸೀಟಲ್ಲಿ ನಾನು ಕೂತು, ಹಿಂದೆ ಭಾಮೈದ ಸ್ವಿಚ್ ಆಚೀಚೆ ಮಾಡ್ತಾ ಇದ್ದ, ಯಾವ ಕಡೆ ಅಂತ ಹೇಳ್ಬೇಡ ಕಣೋ ಅಂದಿದ್ದೆ. 180ರಲ್ಲಿ ಡೊಳ್ಳಿನ ಏಟು ಮುಂದೆಯಿಂದ ಬಂತು, 0ದಲ್ಲಿ ಸೊರಗಿತು. ನಮ್ಮ ಗಾಡಿಗೆ 180, ನಿಮ್ಮದ್ರಲ್ಲಿ ಉಲ್ಟಾ ಇರಬಹುದು, ಕೇಳೇ ನೋಡ್ಬೇಕು.

ಮಾರನೇ ದಿನದಿಂದ ಶುರುವಾಗಿದ್ದು ಗಾಡಿಯ ಗಡಗಡ. ಮೊದಲು ನಂಬರ್ ಪ್ಲೇಟು, ಆ ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟನ್ನ ಬಿಚ್ಚೋ ಹಾಗಿಲ್ಲ, ಸ್ನಾಪ್ ಲಾಕ್ ಹಾಕಿರ್ತಾರೆ, ಹಿಂದಿನ ಸಂದಿಗೆ ಫೋಮ್ ಟೇಪ್ ತುರುಕಿದ್ಮೇಲೆ ಸುಮ್ನಾಯ್ತು. ಅದಾದ್ಮೇಲೆ ಪಾರ್ಸೆಲ್ ಟ್ರೇ. ಅದಾದ್ಮೇಲೆ ಟೂಲ್ ಚೀಲದ ಸ್ಪ್ಯಾನರ್. ಡಿಕ್ಕಿ ಬಾಗಿಲ ಒಳಗಿನ ತಗಡಿಗೆ ಬ್ಯೂಟೈಲ್ ಶೀಟ್ (ಅದುರೋದನ್ನ ತಡೆಯೋ ಅಂಟು ರಬ್ಬರ್ ಹಾಳೆ) ಅಂಟಿಸಿದ್ದು ದೊಡ್ಡ ಚೇಂಜ್ ಕೊಡ್ತು, ಮುಚ್ಚಿದಾಗಿನ ಸೌಂಡೇ ಬೇರೆ ಆಗಿದೆ ಈಗ.

ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗಿದ್ದು ಇದರ ನಿಜವಾದ ಟೆಸ್ಟು. ಮಾರನಹಳ್ಳಿ ದಾಟಿ ಘಾಟಿ ಇಳೀತಾ ಮಳೆ, ಟೈರ್ ಸೌಂಡು, ಲಾರಿ ಸೌಂಡು ಎಲ್ಲಾ ಕೆಳಗಿನ ಫ್ರೀಕ್ವೆನ್ಸಿನೇ ನುಂಗೋದು, ಅದಕ್ಕೇ ಊರಲ್ಲಿ ಸರಿ ಇದ್ದ ಸೆಟ್ಟಿಂಗ್ ಹೈವೇಲಿ ತೆಳ್ಳಗೆ ಕೇಳುತ್ತೆ. ನಾಬ್ ಏರಿಸ್ದೆ. ಹಿಂದೆ ಕೂತಿದ್ದ ಅಮ್ಮ "ಏನೋ ಅದು, ಸೀಟೊಳಗೆ ಯಾರೋ ಗುದ್ದಿದಂಗಾಗ್ತದೆ" ಅಂದ್ರು. ಇಳಿಸ್ದೆ. ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ಒಂದೇ ಸೆಟ್ಟಿಂಗ್ ಆಗಲ್ಲ, ಬಾಕ್ಸ್ ಇರೋದು ಅವರ ಬೆನ್ನ ಹಿಂದೇನೇ. ಮನೇವ್ರು ಮಾತ್ರ ಮುಂದೆ ಕೂತು "ಈಗ ಹಾಡು ಹಾಡಿನ ಥರ ಇದೆ ಕಣ್ರೀ" ಅಂದ್ರು, ಡಿಕ್ಕಿ ವಿಷಯಕ್ಕೆ ಅದಕ್ಕಿಂತ ಮುಂಚೆ ಸುಮಾರು ಮಾತಾಗಿತ್ತು ಅನ್ನೋದು ಬೇರೆ.

ಕಿಟಕಿ ಇಳಿಸ್ಕೊಂಡು ಆಸ್ಪತ್ರೆ ಮುಂದೆ, ಸ್ಕೂಲ್ ಮುಂದೆ ಗುದ್ದುಸ್ಕೊಂಡು ಹೋಗೋರಿಗೆ ಒಂದು ಮಾತು, ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ ಕನಿಷ್ಠ 100 ಮೀಟರ್ ಜಾಗನ ಸರ್ಕಾರ ಸೈಲೆನ್ಸ್ ಝೋನ್ ಅಂತ ಘೋಷಿಸಬಹುದು ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ, ರಾತ್ರಿ ಅನ್ನೋದು ಹತ್ತರಿಂದ ಬೆಳಿಗ್ಗೆ ಆರು. ಬೇಸ್ ಸೌಂಡ್ ಗ್ಲಾಸ್ ಏರಿಸಿದ್ರೂ ಹೊರಗೆ ಹೋಗುತ್ತೆ, ಒಳಗಿರೋರಿಗೆ ಗೊತ್ತಾಗಲ್ಲ ಅಷ್ಟೇ.

ಖರ್ಚು ಹೇಳ್ಬೇಕಂದ್ರೆ ಆಂಪ್ ಎಂಟು ಸಾವಿರದ ಆಸುಪಾಸು, ಸಬ್ ನಾಲ್ಕೂವರೆ, ಪ್ಲೈ ಮತ್ತೆ ಕಾರ್ಪೆಂಟರ್ ಸೇರಿ ಎರಡು, ವೈರು ಫ್ಯೂಸು ಕಪ್ಲರ್ ಎಲ್ಲಾ ಮೂರಕ್ಕೆ ಹತ್ತಿರ, ಅಣ್ಣನ ಕೂಲಿ ಬೇರೆ. ಅದೇ 3000 ವಾಟ್ ಸೆಟ್ ಬಾಕ್ಸ್ ಸಮೇತ ಹನ್ನೊಂದಕ್ಕೆ ಫಿಟ್ ಮಾಡ್ಕೊಡ್ತೀನಿ ಅಂದಿದ್ದ ಅಂಗಡಿಯವನು. ಬಿಲ್ ಎಲ್ಲಾ ಎತ್ತಿಟ್ಟಿದೀನಿ, ಇನ್ಶೂರೆನ್ಸ್ ರಿನ್ಯೂ ಮಾಡೋವಾಗ ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಬೇರೆ ಸೇರಿಸ್ಬೇಕು, ಅದಕ್ಕೆ ಸ್ವಲ್ಪ ಪ್ರೀಮಿಯಂ ಜಾಸ್ತಿ ಆಗುತ್ತೆ, ಸೇರಿಸದೇ ಇದ್ರೆ ಕಳುವಾದಾಗ ಇದಕ್ಕೆ ಕ್ಲೇಮ್ ಕೇಳೋಕಾಗಲ್ಲ.

ಬಾಕ್ಸ್ ಹಿಂದೆ ಪ್ಲಗ್ ಥರದ ಕನೆಕ್ಟರ್ ಹಾಕಿಟ್ಟಿದೀನಿ, ಊರಿಂದ ತೆಂಗಿನಕಾಯಿ ಮೂಟೆ ತರೋದಿದ್ರೆ ಪ್ಲಗ್ ಕಿತ್ತು ಬಾಕ್ಸ್ ಮನೇಲಿಟ್ಟು ಹೋಗ್ತೀನಿ, ಸಬ್ ಇಲ್ದೇ ಆಂಪ್ ಆನ್ ಇದ್ರೂ ತೊಂದ್ರೆ ಇಲ್ಲ. ಘಾಟಿ ಓಡಾಟ ಮುಗಿಸಿ ಬಂದ್ಮೇಲೆ ಒಂದ್ಸಲ ಸ್ಪ್ಯಾನರ್ ಹಾಕಿ ನೋಡ್ದೆ, ಬ್ಯಾಟರಿ ಕಡೆ ಎಲ್ಲಾ ಟೈಟ್ ಇತ್ತು, ಗ್ರೌಂಡ್ ನಟ್ ಮಾತ್ರ ಕಾಲು ಸುತ್ತು ಹಿಡೀತು. ಭಾಮೈದ ಈಗ ಡೋರ್‌ಗಳಿಗೂ ಬ್ಯೂಟೈಲ್ ಶೀಟ್ ಹಾಕೋಣ ಭಾವ ಅಂತ ಹಿಂದೆ ಬಿದ್ದಿದಾನೆ, ಶೀಟಿನ ರೇಟ್ ನೋಡ್ಕೊಂಡು ಹೇಳ್ತೀನಿ ಅಂದಿದೀನಿ.